ಇಂಗ್ಲಿಷಿನಲ್ಲಿ ಮಾತ್ರ ದೂರು

ಸಕಲರ ಗಮನಕ್ಕೆ. ಬರುವ ಭಾನುವಾರ ಸಂಜೆ, ಚಹಾ ಕುಡಿದಾದ ಮೇಲೆ, ಲೋಟ ಎತ್ತುವ ಮೊದಲು, ಕನ್ನಡಕದಂಗಡಿಯ ಅಕ್ಕನವರು ತಮ್ಮ ಒಡಹುಟ್ಟಿದ ಅಣ್ಣನ ವಿರುದ್ಧ ಒಂದು ವಾಕ್ಯ ಹೇಳಲಿದ್ದಾರೆ. ವಾಕ್ಯ ಒಂದೇ. ಅದು ಇಂಗ್ಲಿಷಿನಲ್ಲಿರುತ್ತದೆ. ವ್ಯಾಕರಣಬದ್ಧವಾಗಿರುತ್ತದೆ. ಸಂಬಂಧಪಟ್ಟವರು ತಪ್ಪದೆ ಹಾಜರಿರತಕ್ಕದ್ದು.

ಈ ಘೋಷಣೆ ಹೊರಬಿದ್ದದ್ದು ಬೆಳಿಗ್ಗೆ, ಬಚ್ಚಲುಮನೆಯ ಕನ್ನಡಿಯ ಮುಂದೆ, ಬಾಯಿತುಂಬ ಪೇಸ್ಟಿನ ನೊರೆ ಇರುವಾಗ. ಸಂಬಂಧಪಟ್ಟವರ ಪೈಕಿ ಹಾಜರಿದ್ದವರು ಅಕ್ಕನ ಗಂಡ ಒಬ್ಬರೇ. ಅವರೂ ಬಾಗಿಲ ಆಚೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸರದಿ ಕಾಯುತ್ತಿದ್ದರು.

“ಏನಂದೆ?” ಎಂದರು.

“ದೂರು ಕೊಡ್ತೀನಿ ಅಂದೆ. ಅಣ್ಣನ ಮೇಲೆ.”

“ಪೊಲೀಸಿಗಾ?”

“ಪೊಲೀಸಿಗೆ ಯಾಕ್ರೀ? ನಮ್ಮನೆ ಪದ್ಧತಿ ಪ್ರಕಾರ. ಅಪ್ಪನ ಕುರ್ಚಿ ಮುಂದೆ.”

“ಓಹೋ. ಕೊಡು, ಕೊಡು. ಅದಕ್ಕೂ ಮುಂಚೆ ಬಚ್ಚಲು ಬಿಟ್ಟುಕೊಡು.”

ಅಕ್ಕ ಬಾಯಿ ಮುಕ್ಕಳಿಸಿ ಹೊರಗೆ ಬಂದಳು. ಅವಳನ್ನು ಆ ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಾದವರೂ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮುದುಕರೂ “ಅಕ್ಕಾ, ಈ ಕಡ್ಡಿ ಸಡಿಲ ಆಗಿದೆ ನೋಡು” ಎನ್ನುತ್ತಿದ್ದರು. ಅಂಗಡಿಯ ಎಡಭಾಗದಲ್ಲಿ ಅವಳು ಕನ್ನಡಕ ಮಾರಿದರೆ ಬಲಭಾಗದಲ್ಲಿ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದೇ ಬಾಗಿಲು, ಒಂದೇ ಫ್ಯಾನು. ಗಿರಾಕಿಗಳು ದೃಷ್ಟಿಗೆ ಈ ಕಡೆ, ಕಾಲಕ್ಕೆ ಆ ಕಡೆ. ಹೀಗೆ ಬೀದಿಯವರಿಗೆಲ್ಲ ಅಕ್ಕನಾದವಳು ತವರಿನವರಿಗೆ ಮಾತ್ರ ಬೇರೆ ಏನೋ ಆಗಿದ್ದಳು. ಆ ಬೇರೆ ಏನೋ ಎಂಬುದೇ ಈ ದೂರಿನ ಮೂಲ.

ಪದ್ಧತಿ ಏನೆಂದು ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅಕ್ಕನ ಅಪ್ಪ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಊರಿನ ನಲ್ಲಿಗಳ ಸಕಲ ಸಂಕಟವೂ ಅವರ ಮೇಜಿಗೆ ಬಂದು ಸೇರುತ್ತಿತ್ತು. ದೂರು ಇಂಗ್ಲಿಷಿನಲ್ಲಿರಬೇಕು, ತಪ್ಪಿದ್ದರೆ ತಿದ್ದಿ ತರಲು ವಾಪಸ್ಸು ಕಳಿಸಬೇಕು ಎಂಬುದು ಆ ಕಚೇರಿಯ ಕಟ್ಟಳೆ. ವಾಪಸ್ಸು ಹೋದ ದೂರು ಮರಳಿ ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದಿರುತ್ತಿತ್ತು, ಇಲ್ಲವೇ ದೂರಿದವರ ಸಿಟ್ಟು ಹೋಗಿರುತ್ತಿತ್ತು. ಬಹುಪಾಲು ಎರಡನೆಯದೇ. ಜನ ಬೈಯಬೇಕೆಂದು ಬಂದು, ‘ಸ್ಮೆಲ್’ ಮುಂದೆ ‘ಬ್ಯಾಡ್’ ಬರುತ್ತದೋ ‘ಬ್ಯಾಡ್ಲಿ’ ಬರುತ್ತದೋ ಗೊತ್ತಾಗದೆ ತಲೆ ಕೆರೆದುಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ಸಂಜೆ ಅಪ್ಪ ಆಫೀಸಿನಿಂದ ಬಂದಾಗ ಮನೆ ಮೂರಾಬಟ್ಟೆಯಾಗಿತ್ತು. ದೊಡ್ಡವನು ಚಿಕ್ಕವನ ಕಪಾಳಕ್ಕೆ ಹೊಡೆದಿದ್ದ. ಚಿಕ್ಕವನು ದೊಡ್ಡವನ ಪುಸ್ತಕದ ಮೇಲೆ ಶಾಯಿ ಚೆಲ್ಲಿದ್ದ. ನಡುವಿನವಳ ರಿಬ್ಬನ್ನು ಇಬ್ಬರ ಜಗಳದಲ್ಲಿ ಹಗ್ಗವಾಗಿತ್ತು. ಮೂವರೂ ಒಟ್ಟಿಗೆ ದೂರು ಒದರಿದರು. ಅಪ್ಪ ಬೂಟು ಬಿಚ್ಚಲಿಲ್ಲ. ತಮ್ಮ ಬೆತ್ತದ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದು ಕೂತು, ಕಚೇರಿಯ ದನಿಯಲ್ಲಿ ಹೇಳಿದರು.

“ಈ ಮನೇಲಿ ಇನ್ಮೇಲೆ ದೂರು ಇಂಗ್ಲಿಷಲ್ಲಿ ಮಾತ್ರ. ಭಾನುವಾರ ಸಂಜೆ. ಈ ಕುರ್ಚಿ ಮುಂದೆ ನಿಂತ್ಕೊಂಡು. ಒಂದೇ ವಾಕ್ಯ. ವಾಕ್ಯ ಸರಿಯಿದ್ರೆ, ತಪ್ಪು ಮಾಡ್ದೋರು ಎದ್ದು ನಿಂತು ಅದನ್ನ ವಾಪಸ್ ತಗೋಬೇಕು. ವಾಕ್ಯ ತಪ್ಪಿದ್ರೆ ದೂರು ವಜಾ.”

ಅಂದಿನಿಂದ ಮನೆ ತಣ್ಣಗಾಯಿತು. ಅಕ್ಕಪಕ್ಕದವರು ಮಕ್ಕಳು ಎಷ್ಟು ಸಂಭಾವಿತರು ಎಂದು ಹೊಗಳುತ್ತಿದ್ದರು. ನಿಜ ಬೇರೆ ಇತ್ತು. ಹೊಡೆತ ತಿಂದ ತಮ್ಮ ಅಳುವುದನ್ನು ಅರ್ಧಕ್ಕೆ ಬಿಟ್ಟು, ಕೆನ್ನೆ ಹಿಡಿದುಕೊಂಡೇ ‘ಸ್ಲ್ಯಾಪ್’ಗೆ ಭೂತಕಾಲ ಹುಡುಕುತ್ತ ಮೂಲೆ ಸೇರುತ್ತಿದ್ದ. ಭೂತ ಸಿಗುವಷ್ಟರಲ್ಲಿ ಕೆನ್ನೆಯ ವರ್ತಮಾನ ಸುಧಾರಿಸಿರುತ್ತಿತ್ತು.

ನಡೆದದ್ದನ್ನು ಹೇಳುವುದು ಅಷ್ಟೇನೂ ಕಷ್ಟವಲ್ಲ. ಪೆನ್ಸಿಲ್ ಕದ್ದರೆ ‘ಸ್ಟೋಲ್’, ಪುಸ್ತಕ ಹರಿದರೆ ‘ಟೋರ್’. ಕಷ್ಟ ಬರುತ್ತಿದ್ದದ್ದು ಕಣ್ಣಿಗೆ ಕಾಣದ ತಪ್ಪುಗಳಿಗೆ. ಅವನು ನನ್ನನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಅವಳು ನನ್ನನ್ನು ಸುಳ್ಳುಗಾರ ಅಂದುಕೊಂಡಿದಾಳೆ, ಇಂಥವಕ್ಕೆ. ಅಪ್ಪ ನಗುತ್ತಿದ್ದರು. “ಕೈಲಿ ಮಾಡಿದ್ದಕ್ಕೆ ಕ್ರಿಯಾಪದ ಒಂದಿದ್ರೆ ಆಯ್ತು. ಮನಸಲ್ಲಿ ಅಂದ್ಕೊಂಡಿದ್ದಕ್ಕೆ ಪೂರ್ತಿ ವ್ಯಾಕರಣ ಬೇಕು ಕಣ್ರೋ.”

ನಡುವಿನವಳು, ಅಂದರೆ ಇಂದಿನ ಅಕ್ಕ, ಇಂಥದ್ದೇ ಒಂದು ದೂರು ತಂದಳು. ಬೀದಿಯ ಮಕ್ಕಳ ಮುಂದೆ ಅವಳು ಪಾಠ ಓದುತ್ತಿದ್ದುದನ್ನು ಅಣ್ಣ ತೊದಲಿ ತೊದಲಿ ಅಣಕಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಭಾನುವಾರ ಸಂಜೆ ಅವಳು ಫ್ರಾಕಿನ ಅಂಚು ಹಿಡಿದು ಕುರ್ಚಿಯ ಮುಂದೆ ನಿಂತಳು.

“ಹಿ ಈಸ್ ಸೀಯಿಂಗ್ ಮಿ ಲೈಕ್ ಫೂಲ್.”

ಅಪ್ಪ ತುಟಿ ಬಿಗಿಹಿಡಿದರು. “ಇನ್ನೊಂದ್ಸಲ ಯೋಚ್ನೆ ಮಾಡು ಮಗಳೇ.”

ಯೋಚನೆ ಮಾಡಿದಳು. ದನಿ ಸಾಲದೇ ಹೋಯಿತೇನೋ ಎಂದುಕೊಂಡು ಅದೇ ವಾಕ್ಯವನ್ನು ಜೋರಾಗಿ ಹೇಳಿದಳು. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ದೂರು ವಜಾ ಆಯಿತು. ಅಣ್ಣ ಕುಣಿದುಬಿಟ್ಟ. “ಮೊದ್ದು! ಮೊದ್ದು!” ಎಂದ. ಅವನ ಗಂಟಲು ಆಗಲೇ ಕಂಚಿನದು. ಮುಂದೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟು ತಡ ಎಂದು ಹೇಳಿ ಹೇಳಿಯೇ ರಿಟೈರಾದವನು. ಅವನು ಹೇಳಿದ ಮೇಲೆ ಮುಗಿಯಿತು, ಇಡೀ ಪ್ಲಾಟ್‌ಫಾರ್ಮು ನಂಬುತ್ತಿತ್ತು. ಅಡುಗೆಮನೆಯಿಂದ ಅಮ್ಮ, ಗಾಯಕ್ಕೆ ಮುಲಾಮು ಹಚ್ಚುವಂತೆ, “ನನ್ನ ಮಗಳು ಮೊದ್ದಲ್ಲ, ಮೊದ್ದುಮಣಿ” ಎಂದಳು. ಮುಲಾಮಿನ ಸಮೇತ ಗಾಯ ಹೆಸರಾಗಿ ಉಳಿಯಿತು. ಬರೀ ಮೊದ್ದು ಆಗಿದ್ದರೆ ಎಂದೋ ಸವೆದುಹೋಗುತ್ತಿತ್ತೋ ಏನೋ. ಮಣಿ ಸೇರಿದ ಮೇಲೆ ಹೊಳೆಯತೊಡಗಿತು.

ಆಮೇಲೆ ಅವಳು ಒಮ್ಮೆಯೂ ಕುರ್ಚಿಯ ಮುಂದೆ ನಿಲ್ಲಲಿಲ್ಲ. ಬಂದವರ ಮುಂದೆ ಅಪ್ಪ ಹೆಮ್ಮೆಯಿಂದ, “ಇವಳೊಬ್ಬಳು ನೋಡಿ, ದೂರೇ ಇಲ್ಲದ ಮಗು” ಎನ್ನುತ್ತಿದ್ದರು. ದೂರೇ ಇಲ್ಲದ ಮಗು ತಲೆ ಬಗ್ಗಿಸಿ ಚಹಾದ ತಟ್ಟೆ ಹಿಡಿದಿರುತ್ತಿತ್ತು. ದೂರು ಇರಲಿಲ್ಲವೆಂದಲ್ಲ. ಅದಕ್ಕೆ ವಾಕ್ಯ ಇರಲಿಲ್ಲ.

ಅಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಎದ್ದಳು? ಕಾರಣ ಮೊಣಕಾಲೆತ್ತರದ್ದು. ಕಳೆದ ವಾರ ಮೊಮ್ಮಗಳನ್ನು ಅಣ್ಣನ ಮನೆಯಲ್ಲಿ ಆಡಲು ಬಿಟ್ಟಿದ್ದಳು. ಮರುದಿನ ಆ ಪುಟ್ಟಿ ಅಂಗಡಿಗೆ ಬಂದು, ಗಾಜಿಲ್ಲದ ಕೆಂಪು ಫ್ರೇಮು ಮೂಗಿಗೇರಿಸಿ, ಗಿರಾಕಿಗಳ ಸಾಲಿನ ಎದುರು ನಿಂತು ಕೂಗಿತು.

“ಮೊದ್ದುಮಣಿ ಅಜ್ಜೀ! ನಾನು ಕಾಣ್ತೀನಾ?”

“ಯಾರೇ ಹೇಳ್ಕೊಟ್ಟಿದ್ದು?”

“ರೈಲು ತಾತ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು, ಅಂಗಡಿ ಇಟ್ಟುಕೊಂಡವರು ನಗಲೇಬೇಕು. ಆದರೆ ಸಂಜೆ ಒಂದೊಂದೇ ಫ್ರೇಮು ಒರೆಸಿ ಗಾಜಿನ ಕಪಾಟಿಗೆ ಜೋಡಿಸುವಾಗ ಆ ಕೆಂಪು ಫ್ರೇಮನ್ನು ಮತ್ತೆ ಮತ್ತೆ ಒರೆಸಿದಳು. ಅಪ್ಪ ಅಮ್ಮ ಹೋದರು, ತನ್ನ ಕೂದಲೂ ನೆರೆಯಿತು, ಈ ಹೆಸರು ಮಾತ್ರ ಹೊಸ ಹಲ್ಲು ಬಂದ ಬಾಯಿಗೆ ದಾಟಿಕೊಂಡಿತಲ್ಲ. ಇವಳು ದೊಡ್ಡವಳಾಗಿ ತನ್ನ ಮಕ್ಕಳಿಗೂ ಹೇಳುತ್ತಾಳೆ: ನಮ್ಮ ಅಜ್ಜಿ ಇದ್ದಳು, ಮೊದ್ದುಮಣಿ ಅಂತ. ಅಣ್ಣ ಎದ್ದು ನಿಂತು, ಪುಟ್ಟಿಯ ಎದುರೇ, ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ಅಷ್ಟೇ ಅವಳಿಗೆ ಬೇಕಿದ್ದದ್ದು.

ಕನ್ನಡದಲ್ಲಿ “ಹಾಗನ್ನಬೇಡ ಅಣ್ಣ” ಎನ್ನಬಹುದಿತ್ತಲ್ಲ ಎಂದು ಗಂಡ ಕೇಳಿದರು. “ಕನ್ನಡದಲ್ಲಿ ಅಂದ್ರೆ ಅವನು ನಕ್ಕು, ಗಲ್ಲ ಹಿಂಡಿ, ಹೋಗ್ಲಿ ಬಿಡೇ ಮೊದ್ದುಮಣಿ ಅಂತಾನೆ. ಕುರ್ಚಿ ಮುಂದೆ ಅಂದ್ರೆ ಏಳಲೇಬೇಕು.” ಗಂಡ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆಗೆ ಮರಳಿದರು.

ಮರುದಿನವೇ ವಾಕ್ಯದ ಕೆಲಸ ಶುರುವಾಯಿತು. ಬೈಫೋಕಲ್ ಮಾಡಿಸಲು ಇಂಗ್ಲಿಷ್ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರ ಜಾಸ್ತಿ ಇದೆ ಎಂದು ಪ್ರತಿಸಲವೂ ನೆನಪಿಸುವವರು. ಅಕ್ಕ ಅವರ ಮೂಗಿಗೆ ಟ್ರಯಲ್ ಫ್ರೇಮು ಏರಿಸಿ, ಒಂದು ಗಾಜು ಹಾಕಿ, ಇನ್ನೊಂದು ಹಾಕಿ, “ಇದು ಸ್ಪಷ್ಟವಾ, ಇದಾ?” ಎಂದು ಕೇಳುವ ನಡುವೆ ಮೆಲ್ಲಗೆ ವಿಷಯ ತೆಗೆದಳು.

“ಮೇಡಂ, ಒಬ್ಬರು ನಮ್ಮನ್ನ ಮೊದ್ದು ಅಂದ್ಕೊಂಡಿದ್ದಾರೆ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನನ್ನಬೇಕು?”

“ಯಾರನ್ನ ಅಂದ್ಕೊಂಡಿರೋದು? ನನ್ನನ್ನಾ?”

“ಅಯ್ಯೋ, ನಿಮ್ಮನ್ನಲ್ಲ. ನನ್ನನ್ನ.”

“ಹಾಗಾದ್ರೆ ಪರವಾಗಿಲ್ಲ. ನೀವೇ ಹೇಳಿ, ಕೇಳೋಣ.”

“ಯು ಕನ್ಸಿಡರ್ ಮಿ ಆ್ಯಸ್ ಡಲ್.”

ಮೇಡಂ ಗೂಬೆಯ ಕಣ್ಣಿನಂಥ ಫ್ರೇಮಿನೊಳಗಿಂದ ಅವಳನ್ನು ನೋಡಿದರು. “ಕನ್ಸಿಡರ್ ಪಕ್ಕದಲ್ಲಿ ಆ್ಯಸ್ ಯಾಕೆ ಕೂತಿದೆ? ಎಬ್ಬಿಸಿ ಕಳಿಸಿ. ಕನ್ಸಿಡರ್‌ಗೆ ಜೊತೆ ಬೇಕಿಲ್ಲ. ರಿಗಾರ್ಡ್ ಹಾಗಲ್ಲ, ಅದಕ್ಕೆ ಆ್ಯಸ್ ಕೈ ಹಿಡ್ಕೊಂಡ್ರೇನೇ ನಡೆಯಕ್ಕಾಗೋದು.”

“ಎಲ್ಲರೂ ಕನ್ಸಿಡರ್ ಆ್ಯಸ್ ಅಂತಾರಲ್ಲ ಮೇಡಂ?”

“ಎಲ್ಲರೂ ಕನ್ನಡಕಾನ ಅಂಗಿ ತುದೀಲಿ ಒರೆಸ್ತಾರೆ. ನೀವು ಒಪ್ತೀರಾ?”

ಅಕ್ಕ ಒಪ್ಪುವುದಿಲ್ಲ. ಆ್ಯಸ್ ಎದ್ದು ಹೋಯಿತು. ಇನ್ನೊಂದು ಗಾಜು ಹಾಕಿ ಕೇಳಿದಳು. “ಲುಕ್ ಡೌನ್ ಆನ್ ಅಂದ್ರೆ ಹೇಗೆ?”

“ವ್ಯಾಕರಣಕ್ಕೆ ಸರಿ. ಆದ್ರೆ ಅದು ಕೀಳಾಗಿ ನೋಡೋದು. ಆ ಮನುಷ್ಯ ನಿಮ್ಮನ್ನ ಕೀಳಾಗಿ ನೋಡ್ತಾರಾ?”

ಅಕ್ಕನ ಕೈ ಗಾಜಿನ ಪೆಟ್ಟಿಗೆಯ ಮೇಲೆ ನಿಂತಿತು. ಜ್ವರ ಬಂದಾಗ ಅವಳನ್ನು ಬೆನ್ನ ಮೇಲೆ ಹೊತ್ತು ಡಾಕ್ಟರ ಹತ್ತಿರ ಓಡಿದ್ದವನು ಅಣ್ಣ. ದಾರಿಯುದ್ದಕ್ಕೂ “ದಾರಿ ಬಿಡಿ, ದಾರಿ ಬಿಡಿ, ಮೊದ್ದುಮಣಿ ಎಕ್ಸ್‌ಪ್ರೆಸ್ ಬರ್ತಿದೆ” ಎಂದು ಕೂಗಿದ್ದ. ಬೆವರಿದ ಅವನ ಕುತ್ತಿಗೆಗೆ ಕೆನ್ನೆ ಒತ್ತಿಕೊಂಡು ಅವಳು ಅಂದು ಎಷ್ಟೊಂದು ನಕ್ಕಿದ್ದಳು.

“ಇಲ್ಲ ಮೇಡಂ. ಪ್ರೀತಿಯಿಂದಾನೇ ನೋಡ್ತಾನೆ. ಮೊದ್ದು ಅಂತ ಪ್ರೀತಿಯಿಂದ ನೋಡ್ತಾನೆ.”

“ಅದಕ್ಕೆ ಇಂಗ್ಲಿಷಲ್ಲಿ ಒಂದೇ ಪದ ನನಗೆ ಗೊತ್ತಿಲ್ಲ,” ಎಂದರು ಮೇಡಂ. ತಮಗೆ ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ಆ ಅಂಗಡಿಯ ಗೋಡೆಗಳು ಅದೇ ಮೊದಲು ಕೇಳಿದವು. ಮರ್ಯಾದೆ ಉಳಿಸಿಕೊಳ್ಳಲು ಒಂದು ಭರ್ಜರಿ ವಾಕ್ಯ ಕೊಟ್ಟರು. “ಹೀಗನ್ನಿ. ಐ ಆ್ಯಮ್ ಜನರಲಿ ಪರ್ಸೀವ್ಡ್ ಟು ಬಿ ಡಲ್. ಗಂಭೀರವಾಗಿದೆ. ಸಾಮಾನ್ಯವಾಗಿ ನಾನು ಮೊದ್ದು ಎಂದು ಭಾವಿಸಲಾಗುತ್ತದೆ.”

“ಚೆನ್ನಾಗಿದೆ. ಇದ್ರಲ್ಲಿ ನಮ್ಮಣ್ಣ ಎಲ್ಲಿದ್ದಾನೆ ಮೇಡಂ?”

“ಇಲ್ಲ. ಅದೇ ಇದರ ಮಜಾ. ಯಾರು ಭಾವಿಸಿದ್ರು ಅಂತ ಗೊತ್ತಾಗಲ್ಲ. ಆಫೀಸು ಕಾಗದಗಳೆಲ್ಲ ಹೀಗೇ.”

“ಬೇಡ ಮೇಡಂ. ನಂಗೆ ಅಣ್ಣ ಬೇಕು.”

ಮೇಡಂ ಅಕ್ಷರಗಳ ಹಲಗೆ ನೋಡುವುದನ್ನು ಬಿಟ್ಟು, ದನಿ ತಗ್ಗಿಸಿ ಕೇಳಿದರು. “ಯಾವಾಗಿನಿಂದ ಹಾಗೆ ಅಂದ್ಕೊಂಡಿರೋದು?”

“ಚಿಕ್ಕಂದಿನಿಂದ.”

“ಈಗ್ಲೂ?”

“ಈಗ್ಲೂ.”

“ಹಾಗಿದ್ರೆ ‘ಹ್ಯಾವ್’ ಹಾಕಿ. ಯಾವತ್ತೋ ಶುರುವಾಗಿ ಇನ್ನೂ ಮುಗೀದೇ ಇರೋದಕ್ಕೆ ಅದೇ ಬೇಕು.”

ಅಕ್ಕನಿಗೆ ಅಚ್ಚರಿಯಾಯಿತು. ಯಾವತ್ತೋ ಶುರುವಾಗಿ ಇನ್ನೂ ಮುಗಿಯದೇ ಇರುವುದಕ್ಕೆ ಇಂಗ್ಲಿಷಿನವರು ಒಂದು ಪ್ರತ್ಯೇಕ ಕಾಲವನ್ನೇ ಮಾಡಿಟ್ಟಿದ್ದಾರಲ್ಲ! ಅವರ ಮನೆಗಳಲ್ಲೂ ಅಣ್ಣಂದಿರಿರಬೇಕು. ಬಲಭಾಗದಿಂದ ಗಂಡ, “ಕಾಲದ ವಿಚಾರ ಇದ್ರೆ ಈ ಕಡೆ ಬನ್ನಿ” ಎಂದರು. ಯಾರೂ ನಗಲಿಲ್ಲ.

ಮೇಡಂ ಎದ್ದು ಹೋಗುವಾಗ ಅಕ್ಕನ ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು. ‘ಯು ಹ್ಯಾವ್ ಆಲ್ವೇಸ್ ರಿಗಾರ್ಡೆಡ್ ಮಿ ಆ್ಯಸ್ ಎ ಡಲ್ ಪರ್ಸನ್.’ ನೀನು ಯಾವಾಗಲೂ ನನ್ನನ್ನು ಮೊದ್ದು ಎಂದೇ ತಿಳಿದಿದ್ದೀಯ. ವಾರವಿಡೀ ಅದನ್ನು ಸ್ಕ್ರೂ ಬಿಗಿಮಾಡುತ್ತ ಹೇಳಿದಳು, ಈರುಳ್ಳಿ ಹೆಚ್ಚುತ್ತ ಹೇಳಿದಳು, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ತುಟಿ ಮಾತ್ರ ಅಲ್ಲಾಡಿಸಿ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಕುರ್ಚಿಯಲ್ಲಿ ಕೂರಲು ತಮ್ಮನಿಗೆ ಫೋನು ಮಾಡಿದಳು. ತಮ್ಮ ನೋಟರಿ. ಮೊಹರಿಲ್ಲದ ಮಾತನ್ನು ಅವನು ಅರ್ಧ ಕಿವಿಯಲ್ಲಿ ಕೇಳುವವನು.

“ಅಕ್ಕಾ, ನೀನಾ? ದೂರಾ? ಯಾರ ಮೇಲೆ?”

“ಅಣ್ಣನ ಮೇಲೆ. ಅಪ್ಪನ ಜಾಗದಲ್ಲಿ ನೀನು ಕೂತ್ಕೋಬೇಕು. ಯಾರಿಗೂ ಹೇಳ್ಬೇಡ.”

“ನನ್ನ ಬಾಯಿಗೆ ಸೀಲು ಹಾಕಿದೀನಿ ಅಂದ್ಕೋ,” ಎಂದ ತಮ್ಮ. ಆ ಸೀಲಿನ ಶಾಯಿ ಒಣಗುವ ಮುಂಚೆಯೇ ಅಣ್ಣನಿಗೆ ವಿಷಯ ಗೊತ್ತಾಗಿತ್ತು.

ಭಾನುವಾರ ಸಂಜೆ ಎಲ್ಲರೂ ಅಣ್ಣನ ಮನೆಯಲ್ಲಿ ಸೇರಿದರು. ಮೂರನೇ ಮಹಡಿಯ ಫ್ಲ್ಯಾಟು. ಹಜಾರದ ಕಿಟಕಿಯ ಪಕ್ಕ ಅಪ್ಪನ ಬೆತ್ತದ ಕುರ್ಚಿ. ಅದರ ಮೇಲೆ ಇಸ್ತ್ರಿಗೆ ಕಾದಿದ್ದ ಬಟ್ಟೆಯ ಗುಡ್ಡೆ. ಅತ್ತಿಗೆ ಬಟ್ಟೆಯನ್ನು ಅವಸರದಲ್ಲಿ ಬಾಚಿ ಒಳಗೊಯ್ದರು. ಮೂವರೂ ಖಾಲಿಯಾದ ಕುರ್ಚಿಯ ಕಡೆ ತಿರುಗಿದರು. ಎಡಗೈ ಇಡುವ ಕಡೆ ಬೆತ್ತ ಸವೆದು ನುಣ್ಣಗಾಗಿತ್ತು. ವಾಕ್ಯ ಕೇಳುವಾಗ ಅಪ್ಪ ಅಲ್ಲೇ ಹೆಬ್ಬೆರಳು ಉಜ್ಜುತ್ತಿದ್ದದ್ದು.

“ಚಹಾ ಸ್ವಲ್ಪ ತಡವಾಗಿ ಬರಲಿದೆ,” ಎಂದ ಅಣ್ಣ, ಮೈಕಿನ ದನಿಯಲ್ಲಿ. “ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ಎಲ್ಲರೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಅವನ ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಚಹಾ ಬಂತು. ಪುಟ್ಟಿ ನೆಲದ ಮೇಲೆ ಕೂತು ಬಿಸ್ಕತ್ತು ಅದ್ದತೊಡಗಿತು. ಅಣ್ಣ ಲೋಟ ಕೆಳಗಿಡಲೇ ಇಲ್ಲ. ಲೋಟದಲ್ಲಿ ಚಹಾ ಇರುವವರೆಗೆ ದೂರು ಶುರುವಾಗುವಂತಿಲ್ಲವಲ್ಲ.

“ಅಣ್ಣ, ಎಷ್ಟೊತ್ತು ಕುಡೀತೀಯ? ಅದರಲ್ಲಿ ಈಗ ಗಾಳಿ ಮಾತ್ರ ಇರೋದು,” ಎಂದ ತಮ್ಮ. ಕೋಟಿನ ಅಂಚು ಸರಿಪಡಿಸಿಕೊಂಡು, ಗಂಟಲು ಕೆರೆದು, ಹೋಗಿ ಕುರ್ಚಿಯಲ್ಲಿ ಕೂತ. “ಹೂಂ. ದೂರುದಾರರು ಮುಂದೆ ಬರಬಹುದು.”

ಅಕ್ಕ ಎದ್ದಳು. ಸೆರಗಿನ ಅಂಚು ತಾನಾಗಿಯೇ ಬೆರಳಿಗೆ ಸುತ್ತಿಕೊಂಡಿತು. ವಾಕ್ಯ ನಾಲಗೆಯ ತುದಿಯಲ್ಲಿ, ಹ್ಯಾವ್ ಹ್ಯಾವ್‌ನ ಜಾಗದಲ್ಲಿ, ಆ್ಯಸ್ ಆ್ಯಸ್‌ನ ಜಾಗದಲ್ಲಿ, ಕಪಾಟಿನಲ್ಲಿ ಜೋಡಿಸಿಟ್ಟ ಫ್ರೇಮುಗಳಂತೆ ನಿಂತಿತ್ತು. ಬಾಯಿ ತೆರೆದಳು.

“ಆಕ್ಷೇಪಣೆ!” ಎಂದ ಅಣ್ಣ.

“ಇನ್ನೂ ಏನೂ ಹೇಳೇ ಇಲ್ವಲ್ಲೋ!”

“ನಿನ್ನ ಮೇಲಲ್ಲ. ಇವನ ಮೇಲೆ.” ಅಣ್ಣ ತಮ್ಮನ ಕಡೆ ಕೈ ತೋರಿಸಿದ. “ಇವನು ಯಾರು ಅಲ್ಲಿ ಕೂರಕ್ಕೆ? ಅಪ್ಪ ಏನು ಹೇಳಿದ್ರು? ‘ನಾನಿಲ್ಲದಾಗ ಕುರ್ಚೀಲಿ ವಯಸ್ಸಿನ ಪ್ರಕಾರ ದೊಡ್ಡವರು ಕೂರ್ಬೇಕು’ ಅಂತ. ಎಲ್ಲರಿಗಿಂತ ದೊಡ್ಡವನು ನಾನು.”

“ಆದ್ರೆ ದೂರು ಇರೋದೇ ನಿನ್ನ ಮೇಲೆ,” ಎಂದ ತಮ್ಮ.

“ಒಪ್ಪಿದೆ. ನಾನು ಕೂರೋ ಹಾಗಿಲ್ಲ. ಹಾಗಾದ್ರೆ ನನ್ನ ನಂತರ ದೊಡ್ಡವರು ಯಾರು?”

ಹಜಾರದಲ್ಲಿ ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು.

“ನಾನು ದೂರು ಕೊಡೋಳು,” ಎಂದಳು ಅಕ್ಕ. “ನಾನೇ ಕೂತ್ರೆ ಕೊಡೋದು ಹೇಗೆ?”

“ಅದೇ ನಾನೂ ಕೇಳ್ತಿರೋದು,” ಎಂದ ಅಣ್ಣ. ಈಗ ಅವನ ದನಿಗೆ ಪ್ಲಾಟ್‌ಫಾರ್ಮಿನ ಗತ್ತು ಬಂದಿತ್ತು. “ಅಮ್ಮನ ಟವೆಲ್ ಕೇಸ್ ಮರೆತ್ರಾ?”

ಮರೆಯುವುದುಂಟೇ? ಅಪ್ಪ ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನು ಅದೇ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. ಅಮ್ಮನಿಗೆ ಸಾಕಾಗಿ, ನಾನೂ ದೂರು ಕೊಡುತ್ತೇನೆ ಎಂದಳು. ಅಮ್ಮನಿಗೆ ಇಂಗ್ಲಿಷ್ ಬಾರದು. ಮೂವರು ಮಕ್ಕಳೂ ಅಡುಗೆಮನೆಯಲ್ಲಿ ತಲೆಗೆ ತಲೆ ತಾಗಿಸಿ ಕೂತು ವಾಕ್ಯ ಕಟ್ಟಿಕೊಟ್ಟಿದ್ದರು: ‘ಫಾದರ್ ಈಸ್ ಆಲ್ವೇಸ್ ಫೌಂಡ್ ಟು ಬಿ ವೆಟ್.’ ಅಪ್ಪ ಸದಾ ಒದ್ದೆಯಾಗಿ ಕಂಡುಬರುತ್ತಾರೆ. ಅಮ್ಮ ಅದನ್ನು ಬಾಯಿಪಾಠ ಮಾಡಿ ಬಂದು ನಿಂತಳು. ಅಪ್ಪ ಗಂಭೀರವಾಗಿ ಎದ್ದರು. “ಆರೋಪಿ ಈ ಕುರ್ಚೀಲಿ ಕೂರೋ ಹಾಗಿಲ್ಲ. ನನ್ನ ನಂತರ ದೊಡ್ಡವಳು ನೀನೇ. ಬಾ, ಕೂತ್ಕೋ.” ಅಮ್ಮ ಕೂತಳು. “ಇನ್ನು ಕುರ್ಚೀಲಿ ಕೂತವರಿಗೆ ದೂರು ಇರೋ ಹಾಗಿಲ್ಲ. ಕೇಸ್ ಮುಗೀತು,” ಎಂದು ಅಪ್ಪ ಒದ್ದೆ ಟವೆಲನ್ನು ಅವಳ ಹೆಗಲ ಮೇಲೇ ಹಾಕಿ ಓಡಿದ್ದರು. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡದ್ದು ಅದೇ ಟವೆಲಿನಲ್ಲಿ.

ನೆನಪಾಗಿ ತಮ್ಮ ನಕ್ಕ, ಅಣ್ಣ ನಕ್ಕ, ಕೇಳಿ ಕೇಳಿ ಗೊತ್ತಿದ್ದ ಅತ್ತಿಗೆಯೂ ಬಾಗಿಲಿಗೆ ಒರಗಿ ನಕ್ಕರು. ಅಕ್ಕನಿಗೆ ನಗೆಯೂ ಬಂತು, ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ನುಂಗಿದಳು.

“ಇದು ನ್ಯಾಯಾನಾ?” ಎಂದು ತಮ್ಮನನ್ನು ಕೇಳಿದಳು.

ತಮ್ಮ ನಗು ಒರೆಸಿಕೊಂಡು ನೋಟರಿಯಾದ. “ನ್ಯಾಯದ ವಿಚಾರ ನಂಗೊತ್ತಿಲ್ಲ ಅಕ್ಕ. ಪಾಯಿಂಟು ಮಾತ್ರ ಗಟ್ಟಿ ಇದೆ.” ಎದ್ದು ಕುರ್ಚಿ ಬಿಟ್ಟುಕೊಟ್ಟ.

“ಹೋಗ್ಲಿ, ಪದ್ಧತೀನೇ ಬದಲಾಯಿಸೋಣ,” ಎಂದಳು ಅಕ್ಕ.

“ಬದಲಾಯಿಸೋ ಅಧಿಕಾರ ಕುರ್ಚಿಗಿದೆ. ಆದ್ರೆ ತನ್ನ ಕೇಸಿಗೋಸ್ಕರ ತಾನೇ ಬದಲಾಯಿಸಿದ್ರೆ ಅಪ್ಪ ಒಪ್ತಿದ್ರಾ?” ಎಂದ ತಮ್ಮ.

ಒಪ್ಪುತ್ತಿರಲಿಲ್ಲ. ಅಕ್ಕ ಹೋಗಿ ಕೂತಳು. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತಿರಲೇ ಇಲ್ಲ. ಮುಂದೆ ನಿಂತಾಗ ಎಷ್ಟು ಎತ್ತರ ಕಾಣುತ್ತಿತ್ತು. ಕೂತರೆ ಮೊಣಕಾಲು ಎದೆಗೆ ಬರುವಷ್ಟು ಗಿಡ್ಡ. ಕೈ ತಾನಾಗಿಯೇ ನುಣುಪಾದ ಜಾಗಕ್ಕೆ ಹೋಯಿತು. ಇಲ್ಲಿ ಕೂತು ಅಪ್ಪ ಎಲ್ಲರ ದೂರು ಕೇಳಿದರು. ಅವರದ್ದೂ ಏನಾದರೂ ಇತ್ತೇ ಎಂದು ಕೇಳಲು ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಹೋದ ಮೇಲಿನ ಭಾನುವಾರಗಳಲ್ಲಿ ಅವರು ಇದೇ ಕುರ್ಚಿಯಲ್ಲಿ ಕೂತು, ಏನೋ ಹೇಳಲು ಹೊರಟವರಂತೆ ಬಾಯಿ ತೆರೆದು, ಮತ್ತೆ ಮುಚ್ಚಿ, ಹೆಬ್ಬೆರಳು ಉಜ್ಜುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ವಯಸ್ಸಾಯಿತು, ಮರೆವು ಎಂದು ಮಕ್ಕಳು ಅಂದುಕೊಂಡಿದ್ದರು.

ಅಣ್ಣ ಲೋಟ ಕೆಳಗಿಟ್ಟ. ಗುಂಡಿ ಸರಿಮಾಡಿಕೊಂಡ. ಗೆದ್ದವನ ಮುಖ ಸ್ವಲ್ಪ ಹೊತ್ತಷ್ಟೇ ಇತ್ತು; ಆಮೇಲೆ ಮೊಣಕೈ ಮೊಣಕಾಲಿಗೆ ಊರಿ ಮುಂದೆ ಬಾಗಿದ.

“ಸರಿ, ಕೇಸ್ ಮುಗೀತಲ್ಲ. ಈಗ ಸುಮ್ನೆ ಹೇಳು. ಏನು ದೂರು?”

“ಕುರ್ಚೀಲಿ ಕೂತವರಿಗೆ ದೂರು ಇರಲ್ಲ ಅಣ್ಣ. ನೀನೇ ಹೇಳಿದ್ದು.”

“ಎದ್ದು ಹೇಳೇ.”

“ಎದ್ರೆ ಕುರ್ಚಿ ಖಾಲಿ,” ಎಂದ ತಮ್ಮ. “ಖಾಲಿ ಕುರ್ಚಿ ಮುಂದೆ ದೂರು ನಡೆಯಲ್ಲ.”

“ನೀನು ಬಾಯಿ ಮುಚ್ಕೋ! ವಾರದಿಂದ ನಂಗೆ ಊಟ ಸೇರಿಲ್ಲ. ಏನೇ, ನಿನ್ನ ಮದುವೆಗೆ ತಡವಾಗಿ ಬಂದೆ ಅಂತಾನಾ? ಆವತ್ತು ಡ್ಯೂಟಿ ಇತ್ತು, ಗಾಡಿ ತಡ ಇತ್ತು. ಅದೇ ತಾನೇ?”

ಅಕ್ಕ ತಲೆಯಾಡಿಸಲಿಲ್ಲ.

“ಅಮ್ಮನ ರೇಡಿಯೋ ನಾನಿಟ್ಕೊಂಡೆ ಅಂತಾನಾ? ತಗೊಂಡು ಹೋಗೇ, ಈಗ್ಲೇ ತಗೊಂಡು ಹೋಗು. ರಿಬ್ಬನ್ನು ಹರಿದಿದ್ದಾ? ಅದಲ್ವಾ? ನೀನು ಮನಸಲ್ಲಿ ಏನೂ ಇಟ್ಕೊಳ್ಳೋಳಲ್ಲ ಅಂತ ಅಪ್ಪ ಎಷ್ಟು ಸಲ ಹೇಳೋರು... ಯಾಕೇ ಹೀಗೆ ನೋಡ್ತೀಯ? ಬಾಯ್ಬಿಟ್ಟು ಹೇಳೇ ಮೊದ್ದುಮಣಿ!”

ಪುಟ್ಟಿ ತಲೆಯೆತ್ತಿ ನೋಡಿತು. ಬಿಸ್ಕತ್ತಿನ ಬಾಯಲ್ಲಿ, “ಹೇಳೇ ಮೊದ್ದುಮಣಿ” ಎಂದು ತಾನೂ ಸೇರಿಸಿತು.

ವಾಕ್ಯ ಇನ್ನೂ ನಾಲಗೆಯ ಮೇಲೇ ಇತ್ತು. ಒಂದು ಆ್ಯಸ್ ಆಚೀಚೆ ಆಗಿರಲಿಲ್ಲ. ಅಕ್ಕ ಕಾಲು ಜೋಡಿಸಿ ಕೂತು, ತಮ್ಮನ ಕಡೆ ತಿರುಗಿದಳು.

“ಮುಂದಿನ ಭಾನುವಾರಕ್ಕೆ ಹಾಕ್ಕೊಂಡ್ರೆ?”

ತಮ್ಮ ಯೋಚಿಸಿದ. ಕಾನೂನಿನ ಎಲ್ಲ ಮಗ್ಗುಲನ್ನೂ ತಡಕಿದವನ ಹಾಗೆ ಹುಬ್ಬು ಗಂಟಿಕ್ಕಿದ. ಆಮೇಲೆ ಬಹಳ ಬೇಸರದಿಂದ ಹೇಳಿದ.

“ಮುಂದಿನ ಭಾನುವಾರಾನೂ ಅಣ್ಣನ ನಂತರ ದೊಡ್ಡವಳು ನೀನೇ ಅಲ್ವಾ ಅಕ್ಕ.”